ಅಳತೆ ತೆಗೆದುಕೊಂಡು ಹೋದವರು ನಕ್ಷೆ ಕೊಡಲಿಲ್ಲ

ಆರ್ಕಿಟೆಕ್ಚರ್ ಓದುವಾಗ ಎರಡನೇ ವರ್ಷದಲ್ಲಿ ನಮ್ಮನ್ನು ಒಂದು ಹಳ್ಳಿಗೆ ಕರೆದುಕೊಂಡು ಹೋಗಿದ್ದರು. ಆರು ದಿನದ ಕ್ಯಾಂಪ್. ಒಂದೊಂದು ತಂಡಕ್ಕೆ ಒಂದೊಂದು ಹಳೇ ಮನೆ. ನಮ್ಮ ಪಾಲಿಗೆ ಬಂದದ್ದು ನಡುವೆ ತೆರೆದ ಅಂಗಳವಿರುವ ತೊಟ್ಟಿ ಮನೆ. ಜಗಲಿಯಿಂದ ಹಿತ್ತಲಿನವರೆಗೆ ಟೇಪು ಹಿಡಿದು ಅಳೆದೆವು. ಕಂಬದ ಸುತ್ತಳತೆ, ತೊಲೆಯ ದಪ್ಪ, ಜಂತೆಗಳ ನಡುವಿನ ಅಂತರ, ಬಾಗಿಲುವಾಡದ ಕೆತ್ತನೆ, ಒಂದನ್ನೂ ಬಿಡಲಿಲ್ಲ. ಮನೆಯವರು ಮಜ್ಜಿಗೆ ಕೊಟ್ಟರು. ಅಡುಗೆಮನೆಯೊಳಗೂ ಬಿಟ್ಟರು. ಮೊದಲ ದಿನ ಮಾತ್ರ "ವಾಸ್ತು ನೋಡೋಕೆ ಬಂದಿದ್ದೀರಾ?" ಎಂದು ಸ್ವಲ್ಪ ಅಳುಕಿನಿಂದ ಕೇಳಿದ್ದರು. ಎಲ್ಲಿ ಬಾಗಿಲು ತಪ್ಪು ದಿಕ್ಕಿಗಿದೆ ಎಂದು ಹೇಳಿಬಿಡುತ್ತೇವೋ ಎಂಬ ಭಯ.

ಹೊರಡುವ ದಿನ ಮನೆಯ ಯಜಮಾನರು ಒಂದು ಮಾತು ಕೇಳಿದರು. "ಇದರದ್ದು ಒಂದು ಪ್ರತಿ ನಮಗೂ ಸಿಗುತ್ತಾ?" ಅಣ್ಣತಮ್ಮಂದಿರ ನಡುವೆ ಮನೆ ಪಾಲಿನ ಮಾತು ನಡೆದಿತ್ತಂತೆ. ಯಾವ ಕೋಣೆ ಎಷ್ಟು ಅಡಿ, ತೊಟ್ಟಿಯನ್ನು ಒಡೆಯದೆ ನಡುವೆ ಹಾಗೇ ಉಳಿಸಿಕೊಳ್ಳಲು ಸಾಧ್ಯವೇ, ಇದನ್ನೆಲ್ಲ ಒಂದು ನಕ್ಷೆ ಮುಂದಿಟ್ಟುಕೊಂಡು ಮಾತಾಡಿದರೆ ಜಗಳ ಕಡಿಮೆ ಆಗುತ್ತದೆ ಎಂಬುದು ಅವರ ಲೆಕ್ಕ. "ಕೊಡ್ತೀವಿ ಸಾರ್" ಎಂದೆವು. ಕೊಡಲಿಲ್ಲ. ನಕ್ಷೆ ಬರೆದ ಶೀಟುಗಳಿಗೆ ಮಾರ್ಕ್ಸ್ ಬಂತು. ವರ್ಷದ ಕೊನೆಗೆ ಅವು ಸುರುಳಿ ಸುತ್ತಿಕೊಂಡು ಕಾಲೇಜಿನ ಸ್ಟೋರ್ ರೂಮ್ ಸೇರಿದವು. ಆ ಮನೆ ಪಾಲಾಯಿತೋ, ತೊಟ್ಟಿ ಉಳಿಯಿತೋ, ಇವತ್ತಿಗೂ ನನಗೆ ಗೊತ್ತಿಲ್ಲ.

ಆರ್ಕಿಟೆಕ್ಚರ್ ಕಾಲೇಜುಗಳು ಜನರ ಬಳಿಗೆ ಹೋಗಬೇಕು ಎಂಬ ಮಾತು ಈಗ ಜೋರಾಗಿ ಕೇಳಿಬರುತ್ತಿದೆ. ಅದನ್ನು ಕೇಳಿದಾಗಲೆಲ್ಲ ನನಗೆ ಆ ಯಜಮಾನರ ಪ್ರಶ್ನೆ ನೆನಪಾಗುತ್ತದೆ. ನಾವಂತೂ ಹೋಗುತ್ತಲೇ ಇದ್ದೇವೆ. ಹಳ್ಳಿಗೆ, ಪೇಟೆಗೆ, ಕೊಳೆಗೇರಿಗೆ, ಕೆರೆಯಂಗಳಕ್ಕೆ. ಹೋಗಿ ಏನು ತಂದೆವು ಎಂಬುದಕ್ಕೆ ಅಂಕವಿದೆ. ಏನು ಕೊಟ್ಟೆವು ಎಂದು ಕೇಳುವ ಕಾಲಮ್ಮು ಅಂಕಪಟ್ಟಿಯಲ್ಲಿ ಇಲ್ಲ.

ಹೊರಗೆ ಹೋಗುವುದಕ್ಕೆ ಈಗ ಸರ್ಕಾರಿ ಒತ್ತಾಸೆಯೂ ಇದೆ. 2014ರಲ್ಲಿ ಶುರುವಾದ ಉನ್ನತ ಭಾರತ ಅಭಿಯಾನದಲ್ಲಿ ಸೇರಿದ ಪ್ರತಿ ಸಂಸ್ಥೆ ಕನಿಷ್ಠ ಐದು ಹಳ್ಳಿಗಳನ್ನು 'ದತ್ತು' ತೆಗೆದುಕೊಳ್ಳಬೇಕು. ಈ ದತ್ತು ಎಂಬ ಪದ ನನಗೆ ಮೊದಲಿನಿಂದಲೂ ಸರಿ ಕಾಣುವುದಿಲ್ಲ. ಊರು ಯಾರ ಅನಾಥ ಮಗುವೂ ಅಲ್ಲ. ಅದಕ್ಕೆ ಪಂಚಾಯಿತಿ ಇದೆ, ಗ್ರಾಮಸಭೆ ಇದೆ, ತನ್ನದೇ ಜಗಳ, ತನ್ನದೇ ಬುದ್ಧಿ ಇದೆ. ಕಾಲೇಜು ಅಲ್ಲಿಗೆ ನೆಂಟರ ಹಾಗೆ ಹೋಗಬೇಕು. ನೆಂಟರು ಬರಿಗೈಲಿ ಹೋಗುವುದಿಲ್ಲ, ಒಂದೇ ಸಲ ಹೋಗಿ ಮರೆಯುವುದೂ ಇಲ್ಲ.

ಆರ್ಕಿಟೆಕ್ಚರ್ ಶಾಲೆಗಳಲ್ಲಿ ಇದಕ್ಕೆ ಇನ್ನೊಂದು ತೂಕ ಇದೆ. ಈ ಓದಿನ ಜೀವಾಳವೇ ಸ್ಟುಡಿಯೊ, ಅಂದರೆ ಡಿಸೈನ್ ಮಾಡುತ್ತಲೇ ಕಲಿಯುವ ತರಗತಿ. ಐದು ವರ್ಷ, ಹೆಚ್ಚುಕಮ್ಮಿ ಪ್ರತಿ ಸೆಮಿಸ್ಟರಿಗೂ ಒಂದು ಡಿಸೈನ್ ಪ್ರಾಜೆಕ್ಟ್. ಅದಕ್ಕೊಂದು ನಿಜವಾದ ಜಾಗ ಬೇಕು, ಆ ಜಾಗದಲ್ಲಿ ನಿಜವಾದ ಜನ ಇರುತ್ತಾರೆ. ಬೇರೆ ಕೋರ್ಸಿನವರು ಸೇವೆಗೆಂದು ಬೇರೆಯಾಗಿ ಹೊರಡಬೇಕು. ನಮ್ಮ ಓದು ಜನರ ಜಾಗಕ್ಕೆ ಕಾಲಿಡದೆ ಒಂದು ಹೆಜ್ಜೆಯೂ ಮುಂದೆ ಹೋಗದು. ಶೀಟಿನ ಮೇಲೆ ಅವರಿಗೆ ನಾವು ಕೊಡುವ ಹೆಸರು 'ಯೂಸರ್'. ಹೂ ಮಾರುವವರೂ ಯೂಸರ್, ಬಸ್ಸಿಗೆ ಕಾಯುವವರೂ ಯೂಸರ್. ಅವರ ಬೀದಿಯನ್ನು ನಾವು ಕಾಗದದ ಮೇಲೆ ಕೆಡವುತ್ತೇವೆ, ಕಟ್ಟುತ್ತೇವೆ. ಅವರಿಗೆ ಮಾತ್ರ ವಿಷಯವೇ ಗೊತ್ತಿರುವುದಿಲ್ಲ.

ಹಂಪಿಯನ್ನು ನೋಡಿ. ಕರ್ನಾಟಕದಲ್ಲಿ ಆರ್ಕಿಟೆಕ್ಚರ್ ಓದಿದವರಲ್ಲಿ ಹಂಪಿಗೆ ಸ್ಕೆಚ್ ಬುಕ್ ಹಿಡಿದು ಹೋಗದವರು ಬಹುಶಃ ಇಲ್ಲ. ವಿಟ್ಠಲನ ಗುಡಿಯ ಕಂಬ, ಕಮಲ ಮಹಲಿನ ಕಮಾನು, ಪುಷ್ಕರಣಿಯ ಮೆಟ್ಟಿಲು ನಮ್ಮ ಕೈಗೆ ಬಾಯಿಪಾಠ. ವಿರೂಪಾಕ್ಷ ಗುಡಿಯ ಮುಂದಿನ ಬಜಾರಿನ ಸಾಲು ಮಂಟಪಗಳನ್ನೂ ಬಿಡಿಸುತ್ತಿದ್ದೆವು. ಆ ಮಂಟಪಗಳಲ್ಲಿ ಸಂಸಾರಗಳಿದ್ದವು, ಅಂಗಡಿಗಳಿದ್ದವು, ತಟ್ಟೆ ಇಡ್ಲಿ ಬೇಯುತ್ತಿತ್ತು. ನಕ್ಷೆ ಬರೆಯುವಾಗ ಅದನ್ನೆಲ್ಲ ಅಳಿಸಿ ಕಲ್ಲನ್ನಷ್ಟೇ ಉಳಿಸಿಕೊಳ್ಳುವುದು ರೂಢಿ. 2011ರ ಜುಲೈ ಕೊನೆಯಲ್ಲಿ ಆ ಬಜಾರಿನ ಜನರನ್ನು ತೆರವು ಮಾಡಿದರು. ಜೆಸಿಬಿ ಬಂತು. ನೂರಾರು ಕುಟುಂಬಗಳು ಎದ್ದು ಹೋಗಬೇಕಾಯಿತು. ಆಮೇಲೆ ಕಡ್ಡಿರಾಂಪುರದ ಕಡೆ ಜಾಗ ತೋರಿಸಿದರು. ಸ್ಮಾರಕ ಉಳಿಯಬೇಕು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಆ ಮಂಟಪಗಳಲ್ಲಿ ಕೆಟ್ಟದಾಗಿ ಗೋಡೆ ಕಟ್ಟಿದ್ದೂ ನಿಜ. ನನ್ನನ್ನು ಕಾಡುವುದು ಬೇರೆ. ಅಷ್ಟು ವರ್ಷ ಅಷ್ಟು ಕಾಲೇಜುಗಳ ಮಕ್ಕಳು ಅಲ್ಲಿ ಟೇಪು ಹಿಡಿದಿದ್ದೆವು. ಯಾರು ಎಲ್ಲಿ ವಾಸವಿದ್ದರು, ಯಾವ ಅಂಗಡಿ ಎಷ್ಟು ಅಗಲ ಇತ್ತು, ಎಷ್ಟು ತಲೆಮಾರಿನಿಂದ ಇತ್ತು ಎಂಬ ಒಂದು ನಕ್ಷೆ ಆ ಜನರ ಕೈಯಲ್ಲಿ ಇದ್ದಿದ್ದರೆ ಪರಿಹಾರದ ಮಾತು ಬೇರೆ ರೀತಿ ನಡೆಯುತ್ತಿತ್ತೇನೋ. ನಾವು ಕಂಬ ಅಳೆದೆವು. ಎರಡು ಕಂಬಗಳ ನಡುವೆ ಬದುಕಿದವರನ್ನು ಶೀಟಿನಲ್ಲಿ ಖಾಲಿ ಬಿಟ್ಟೆವು.

ಇದು ಹಂಪಿಯೊಂದರ ಮಾತಲ್ಲ. ಆರ್ಕಿಟೆಕ್ಚರ್ ವಿದ್ಯಾರ್ಥಿಗಳ ರಾಷ್ಟ್ರೀಯ ಸಂಘ 'ನಾಸಾ ಇಂಡಿಯಾ' ನಡೆಸುವ ಸ್ಪರ್ಧೆಗಳಲ್ಲಿ ಡಾಕ್ಯುಮೆಂಟೇಶನ್‌ಗೆ, ಅಂದರೆ ಇರುವುದನ್ನು ಅಳೆದು ದಾಖಲಿಸುವ ಕೆಲಸಕ್ಕೆ, ಅಮೆರಿಕದ ಆರ್ಕಿಟೆಕ್ಟ್ ಲೂಯಿ ಕಾನ್ ಹೆಸರಿನ ಟ್ರೋಫಿ ಇದೆ. ಅದಕ್ಕಾಗಿ ವಿದ್ಯಾರ್ಥಿಗಳು ಹಳೇ ಊರುಗಳ ನಕ್ಷೆಗಳನ್ನು ಎಷ್ಟು ಶ್ರದ್ಧೆಯಿಂದ ಬರೆಯುತ್ತಾರೆ ಎಂದರೆ, ನೋಡಿದರೆ ಕಣ್ಣು ತುಂಬುತ್ತದೆ. ರಾತ್ರಿಯೆಲ್ಲ ಎದ್ದು, ಹೆಂಚಿನ ಒಂದೊಂದು ಗೆರೆಯನ್ನೂ ಎಳೆದಿರುತ್ತಾರೆ. ಆ ಕೆಲಸದ ಒಂದು ಪ್ರತಿ ಆ ಊರಿನ ಪಂಚಾಯಿತಿ ಕಚೇರಿಯಲ್ಲೋ ಶಾಲೆಯ ಗೋಡೆಯ ಮೇಲೋ ಇರಬೇಕಿತ್ತು, ಅಲ್ವಾ? ಪ್ರಿಂಟಿಗೆ ಎಷ್ಟು ಖರ್ಚಾಗುತ್ತದೆ? ಟ್ರೋಫಿಗೆ ಕಳಿಸುವ ಶೀಟಿನ ಖರ್ಚಿನ ಹತ್ತರಲ್ಲಿ ಒಂದು ಪಾಲೂ ಇಲ್ಲ.

ಕೊಡುವುದು ಎಂದರೆ ಏನು ಎಂದು ಕೇಳಿದಾಗ ಜಗತ್ತಿನ ಆರ್ಕಿಟೆಕ್ಚರ್ ಮೇಷ್ಟ್ರುಗಳು ಮೊದಲು ತೋರಿಸುವುದು ಅಮೆರಿಕದ ಒಂದು ಮೂಲೆಯ ಊರನ್ನು. ಅಲಬಾಮಾ ರಾಜ್ಯದ ಹೇಲ್ ಕೌಂಟಿ. ಹಿಂದೆ ಹತ್ತಿ ಬೆಳೆದು ಮೆರೆದ, ಈಗ ಬಡತನದಲ್ಲಿ ಸೊರಗಿದ ಸೀಮೆ. ಅಲ್ಲಿನ ನ್ಯೂಬರ್ನ್ ಎಂಬ ಪುಟ್ಟ ಊರಿನಲ್ಲಿ 1993ರಲ್ಲಿ ಆಬರ್ನ್ ವಿಶ್ವವಿದ್ಯಾಲಯದ ಸ್ಯಾಮ್ಯುಯೆಲ್ ಮಾಕ್ಬಿ ಮತ್ತು ಡಿ.ಕೆ. ರೂತ್ ಎಂಬ ಇಬ್ಬರು ಮೇಷ್ಟ್ರುಗಳು 'ರೂರಲ್ ಸ್ಟುಡಿಯೊ' ಶುರು ಮಾಡಿದರು. ವಿಶ್ವವಿದ್ಯಾಲಯ ಇರುವ ಊರಿಗೂ ಇದಕ್ಕೂ ಗಂಟೆಗಟ್ಟಲೆ ದಾರಿ. ವಿದ್ಯಾರ್ಥಿಗಳು ಇಲ್ಲಿಗೇ ಬಂದು ಉಳಿಯಬೇಕು. ಇಲ್ಲಿನ ಜನರಿಗೆ ಮನೆ ಕಟ್ಟಬೇಕು. ಕಾಗದದ ಮೇಲಲ್ಲ, ಕೈಯಲ್ಲಿ.

ಮೊದಲ ವರ್ಷಗಳ ಕಟ್ಟಡಗಳು ನೋಡಲು ಬೆರಗು ಹುಟ್ಟಿಸುತ್ತವೆ. 1994ರಲ್ಲಿ ಹುಲ್ಲಿನ ಪೆಂಡಿಗಳನ್ನು ಇಟ್ಟಿಗೆಯಂತೆ ಪೇರಿಸಿ, ಗಾರೆ ಬಳಿದು ಒಂದು ಮನೆ ಕಟ್ಟಿದರು. ಮಾರನೇ ವರ್ಷ ಎಸೆದ ಟಯರುಗಳಲ್ಲಿ ಮಣ್ಣು ತುಂಬಿ ಒಂದು ಪ್ರಾರ್ಥನಾ ಮಂದಿರ ಎಬ್ಬಿಸಿದರು. 2000ರಲ್ಲಿ ಮೇಸನ್ಸ್ ಬೆಂಡ್ ಎಂಬ ಬಡ ಕೇರಿಯಲ್ಲಿ ಗುಜರಿ ಸೇರಿದ್ದ ಷೆವ್ರೊಲೆ ಕಾರುಗಳ ಮುಂಗಾಜುಗಳನ್ನು ಮೀನಿನ ಹುರುಪೆಯಂತೆ ಜೋಡಿಸಿ ಸಮುದಾಯ ಭವನದ ಸೂರು ಮಾಡಿದರು. ಪತ್ರಿಕೆಗಳು ಮುಖಪುಟದಲ್ಲಿ ಹಾಕಿದವು. ಮಾಕ್ಬಿ ಅವರಿಗೆ ಅದೇ ವರ್ಷ ಅಮೆರಿಕದ ದೊಡ್ಡ ಗೌರವವಾದ ಮ್ಯಾಕ್‌ಆರ್ಥರ್ ಫೆಲೋಶಿಪ್ ಬಂತು. 2001ರ ಡಿಸೆಂಬರ್ ಕೊನೆಯಲ್ಲಿ ರಕ್ತದ ಕ್ಯಾನ್ಸರ್‌ನಿಂದ ತೀರಿಕೊಂಡರು.

ಸಾಮಾನ್ಯವಾಗಿ ಈ ಕತೆಯನ್ನು ಇಲ್ಲಿಗೆ ನಿಲ್ಲಿಸುತ್ತಾರೆ. ನಮ್ಮ ಕಾಲೇಜುಗಳಲ್ಲಿ ತೋರಿಸುವ ಸ್ಲೈಡುಗಳಲ್ಲೂ ಟಯರು, ಮುಂಗಾಜು ಇಷ್ಟೇ ಇರುತ್ತದೆ. ನನ್ನ ಪ್ರಕಾರ ಕತೆ ಶುರುವಾಗುವುದೇ ಇಲ್ಲಿಂದ. ಮೊದಲಿನ ಆ ಕಟ್ಟಡಗಳಲ್ಲಿ ಕೆಲವು ಕಾಲಕ್ಕೆ ತಡೆಯಲಿಲ್ಲ. ಸುಂದರವಾದ ಒಂದೇ ಒಂದು ಮನೆಯಿಂದ ಊರಿನ ಉಳಿದವರಿಗೆ ಏನೂ ಸಿಗುವುದಿಲ್ಲ ಎಂಬುದೂ ಕಾಣತೊಡಗಿತು. ಮಾಕ್ಬಿ ನಂತರ ಚುಕ್ಕಾಣಿ ಹಿಡಿದ ಆಂಡ್ರ್ಯೂ ಫ್ರಿಯರ್ ಕಾಲದಲ್ಲಿ ದಿಕ್ಕು ಬದಲಾಯಿತು. ಒಬ್ಬರ ಮನೆಯ ಜೊತೆಗೆ ಊರಿನ ಒಟ್ಟು ಕೆಲಸಗಳಿಗೂ ಕೈ ಹಾಕಿದರು. ನ್ಯೂಬರ್ನ್‌ಗೆ ಒಂದು ಅಗ್ನಿಶಾಮಕ ಠಾಣೆ ಕಟ್ಟಿದರು. ಆ ಊರಿನಲ್ಲಿ ನೂರು ವರ್ಷಕ್ಕೂ ಹೆಚ್ಚು ಕಾಲದ ನಂತರ ಎದ್ದ ಮೊದಲ ಹೊಸ ಸಾರ್ವಜನಿಕ ಕಟ್ಟಡ ಅದು. ಆಮೇಲೆ, 2013ರಲ್ಲಿ, ಹಳೇ ಬ್ಯಾಂಕ್ ಕಟ್ಟಡವನ್ನು ಗ್ರಂಥಾಲಯ ಮಾಡಿದರು. ಪಕ್ಕದ ಗ್ರೀನ್ಸ್‌ಬರೊ ಊರಿನ ಲಯನ್ಸ್ ಪಾರ್ಕನ್ನು 2006ರಿಂದ ತಂಡದ ನಂತರ ತಂಡ ಬಂದು ಸರಿಪಡಿಸಿತು. ಒಂದು ತಂಡ ಆಟದ ಮೈದಾನ, ಮುಂದಿನ ತಂಡ ಶೌಚಾಲಯ. ಹಿಂದಿನವರು ಮಾಡಿದ ತಪ್ಪನ್ನು ಮುಂದಿನವರು ಕಣ್ಣಾರೆ ನೋಡಿ ಕಲಿತರು. ಇದು ಕ್ಯಾಂಪಿನಲ್ಲಿ ಸಿಗುವ ಪಾಠ ಅಲ್ಲ.

ಇನ್ನೊಂದು ಕೆಲಸ ನನಗೆ ಎಲ್ಲಕ್ಕಿಂತ ಇಷ್ಟ. 2005ರಲ್ಲಿ ಅವರು ಒಂದು ಸರಳ ಲೆಕ್ಕ ಹಾಕಿದರು. ಸಾಮಾಜಿಕ ಭದ್ರತೆಯ ಪಿಂಚಣಿಯಲ್ಲಿ ಬದುಕುವ ಒಬ್ಬ ವ್ಯಕ್ತಿ ತಿಂಗಳ ಕಂತು ಕಟ್ಟಿಕೊಂಡು ಎಷ್ಟು ಬೆಲೆಯ ಮನೆ ಕೊಳ್ಳಬಹುದು? ಸುಮಾರು 20,000 ಡಾಲರ್ ಎಂದು ಬಂತು. ಹಾಗಾದರೆ ಅಷ್ಟರಲ್ಲಿ ಒಂದು ಒಳ್ಳೆಯ ಮನೆ ಕಟ್ಟೋಣ, ಸ್ಥಳೀಯ ಮೇಸ್ತ್ರಿಗೆ ಅದರಲ್ಲೇ ಲಾಭವೂ ಸಿಗಬೇಕು ಎಂದು ಹೊರಟರು. ವಿದ್ಯಾರ್ಥಿಗಳು ಬಿಟ್ಟಿ ದುಡಿದು ಕಟ್ಟಿದ ಮನೆಯನ್ನು ಅಗ್ಗ ಎನ್ನುವುದರಲ್ಲಿ ಅರ್ಥವಿಲ್ಲ ಎಂಬುದು ಅವರಿಗೆ ಅಷ್ಟು ಹೊತ್ತಿಗೆ ಅರಿವಾಗಿತ್ತು. ವರ್ಷಕ್ಕೊಂದು ಎರಡು ಮಾದರಿ ಕಟ್ಟಿದರು, ತಿದ್ದಿದರು, ಮತ್ತೆ ಕಟ್ಟಿದರು. ಕೊನೇ ವರ್ಷದ ವಿದ್ಯಾರ್ಥಿಗಳು ಡಿಗ್ರಿ ಮುಗಿದ ಮೇಲೂ ಕೆಲಸ ಮುಗಿಯುವ ತನಕ ಅಲ್ಲೇ ಉಳಿಯುವುದು ಅಲ್ಲಿ ಮಾಮೂಲು. ಅಂಕಪಟ್ಟಿ ಬಂದ ಮೇಲೂ ಉಳಿಯುವುದು! ನಮ್ಮಲ್ಲಿ ಸಬ್ಮಿಷನ್ ಮುಗಿದ ಮಧ್ಯಾಹ್ನವೇ ಹಾಸ್ಟೆಲ್ ಖಾಲಿ.

ಹಾಗಂತ ನಾವೂ ಅದನ್ನೇ ಮಾಡಬೇಕು ಎಂದು ನಾನು ಹೇಳುತ್ತಿಲ್ಲ. ಕಟ್ಟಲು ಹಣ ಬೇಕು, ಜಾಗ ಬೇಕು, ಏನಾದರೂ ಬಿದ್ದರೆ ಹೊಣೆ ಯಾರು ಎಂಬ ಉತ್ತರ ಬೇಕು. ನಮ್ಮ ಸೆಮಿಸ್ಟರ್ ನಾಲ್ಕೂವರೆ ತಿಂಗಳು, ಅದರಲ್ಲಿ ಹಬ್ಬ, ಇಂಟರ್ನಲ್ಸ್, ಪರೀಕ್ಷೆ ಕಳೆದರೆ ಉಳಿಯುವುದು ಸ್ವಲ್ಪವೇ. ಅದಕ್ಕಿಂತ ಮುಖ್ಯವಾದ ಮಾತು ಬೇರೆ ಇದೆ. ಕಟ್ಟುವ ಕೈಗಳಿಗೆ ನಮ್ಮಲ್ಲಿ ಬರ ಇಲ್ಲ. ಇಪ್ಪತ್ತು ವರ್ಷದ ಹುಡುಗ ಒಂದು ವಾರದಲ್ಲಿ ಕಟ್ಟುವ ಗೋಡೆಯನ್ನು ಊರಿನ ಗಾರೆಯವರು ಅರ್ಧ ದಿನದಲ್ಲಿ, ಅವನಿಗಿಂತ ನೆಟ್ಟಗೆ ಕಟ್ಟುತ್ತಾರೆ. ನಮ್ಮ ಜನರಿಗೆ ಸಿಗದೆ ಇರುವುದು ನಕ್ಷೆ. ತಮ್ಮ ಬೀದಿ, ತಮ್ಮ ಸಂತೆ, ತಮ್ಮ ಕೆರೆಯನ್ನು ಅಳತೆಗೆ ಸರಿಯಾಗಿ, ಅಧಿಕಾರಿಯ ಮೇಜಿನ ಮೇಲೆ ಇಡಬಹುದಾದ ಒಂದು ನಕ್ಷೆ.

ಇದರ ಬೆಲೆ ಗೊತ್ತಾಗಬೇಕಾದರೆ 2014ರ ಬೀದಿ ವ್ಯಾಪಾರಿಗಳ ಕಾಯ್ದೆಯನ್ನು ಓದಬೇಕು. ಪ್ರತಿ ನಗರ, ಪಟ್ಟಣದಲ್ಲೂ ಪಟ್ಟಣ ಮಾರಾಟ ಸಮಿತಿ ಇರಬೇಕು. ಅದರಲ್ಲಿ ಶೇ. 40ಕ್ಕೆ ಕಡಿಮೆ ಇಲ್ಲದಂತೆ ವ್ಯಾಪಾರಿಗಳ ಪ್ರತಿನಿಧಿಗಳಿರಬೇಕು, ಅವರಲ್ಲಿ ಮೂರನೇ ಒಂದು ಪಾಲು ಹೆಂಗಸರು. ಐದು ವರ್ಷಕ್ಕೊಮ್ಮೆಯಾದರೂ ವ್ಯಾಪಾರಿಗಳ ಸಮೀಕ್ಷೆ ಆಗಬೇಕು. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ. ಕಾಗದದ ಮೇಲೆ ಎಷ್ಟು ಚೆನ್ನಾಗಿದೆ! ಈಗ ಬೆಳಿಗ್ಗೆ ಐದಕ್ಕೆ ಬಂದು ಒಂಬತ್ತಕ್ಕೆ ಹೋಗುವ ಸೊಪ್ಪಿನವರನ್ನು ನೆನೆಸಿಕೊಳ್ಳಿ. ಅದೇ ಜಾಗದಲ್ಲಿ ಸಂಜೆ ಬೇರೊಬ್ಬರು ಪಾನಿಪುರಿ ಗಾಡಿ ಹಾಕುತ್ತಾರೆ. ಸಮೀಕ್ಷೆಯವರು ಹನ್ನೊಂದು ಗಂಟೆಗೆ ಬಂದರೆ ಇಬ್ಬರೂ ಲೆಕ್ಕಕ್ಕೆ ಸಿಗುವುದಿಲ್ಲ. ಲೆಕ್ಕಕ್ಕೆ ಸಿಗದವರು ರಸ್ತೆ ಅಗಲ ಮಾಡುವಾಗ ಮೊದಲು ಎದ್ದು ಹೋಗುವವರು.

ಇಂಥ ಜಾಗವನ್ನು ಬೆಳಗಿನಿಂದ ರಾತ್ರಿಯವರೆಗೆ ಕೂತು ನೋಡುವ, ಯಾರು ಎಲ್ಲಿ ಎಷ್ಟು ಹೊತ್ತು ಎಂದು ನಕ್ಷೆಯಲ್ಲಿ ಇಳಿಸುವ ತರಬೇತಿ ನಮ್ಮ ನಗರದಲ್ಲಿ ಯಾರಿಗಿದೆ? ಆರ್ಕಿಟೆಕ್ಚರ್ ಮತ್ತು ಪ್ಲಾನಿಂಗ್ ವಿದ್ಯಾರ್ಥಿಗಳಿಗೆ. ಅವರು ಅದನ್ನು ಮಾಡುತ್ತಲೂ ಇದ್ದಾರೆ. ಬೆಂಗಳೂರಿನ ಗಾಂಧಿ ಬಜಾರ್, ಕೆ.ಆರ್. ಮಾರುಕಟ್ಟೆ, ಮೈಸೂರಿನ ದೇವರಾಜ ಮಾರುಕಟ್ಟೆ ಇವೆಲ್ಲ ಸ್ಟುಡಿಯೊಗಳಿಗೆ ಅಚ್ಚುಮೆಚ್ಚಿನ ಜಾಗಗಳು. ಹಗಲಿನ ಬೇರೆ ಬೇರೆ ಹೊತ್ತಿನ ನಕ್ಷೆಗಳನ್ನು ಬಣ್ಣ ಬಣ್ಣವಾಗಿ ಬರೆದು ಜ್ಯೂರಿಯಲ್ಲಿ, ಅಂದರೆ ಮೇಷ್ಟ್ರುಗಳು ಕೆಲಸ ನೋಡಿ ಅಂಕ ಹಾಕುವ ಸಭೆಯಲ್ಲಿ, ಅಂಟಿಸುತ್ತಾರೆ. ಆ ಒಂದು ಶೀಟು ಸೊಪ್ಪಿನವರ ಸಂಘದ ಕೈಗೆ, ಮಾರಾಟ ಸಮಿತಿಯ ಮೇಜಿಗೆ ಹೋದರೆ ಅದು ಸಾಕ್ಷಿ. ಸ್ಟೋರ್ ರೂಮಿಗೆ ಹೋದರೆ ರದ್ದಿ.

ದೇವರಾಜ ಮಾರುಕಟ್ಟೆಯ ಹೆಸರು ಬಂದದ್ದರಿಂದ ಹೇಳುತ್ತೇನೆ. 2012ರ ಆಗಸ್ಟ್‌ನಲ್ಲಿ ಅದರ ಹತ್ತಿರದ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟ್‌ನಲ್ಲಿ ಮಾರುಕಟ್ಟೆಯ ಒಂದು ದ್ವಾರವೇ ಬಿತ್ತು. ಅಲ್ಲಿಂದ ಶುರುವಾದ 'ಕೆಡವಬೇಕೋ, ಉಳಿಸಬೇಕೋ' ಎಂಬ ಜಗಳ ವರ್ಷಗಟ್ಟಲೆ ಕೋರ್ಟು, ಕಚೇರಿ ಸುತ್ತಿತು. ತಜ್ಞರು ತಜ್ಞರೊಡನೆ ವಾದಿಸಿದರು. ಸಾಮಾನ್ಯ ಮೈಸೂರಿಗರಿಗೆ ಪತ್ರಿಕೆಯಲ್ಲಿ ಸಿಕ್ಕಿದ್ದು ಒಂದೋ 'ಪಾರಂಪರಿಕ' ಎಂಬ ಪದ, ಇಲ್ಲವೇ 'ಶಿಥಿಲ' ಎಂಬ ಪದ. ಯಾವ ಗೋಡೆ ಎಷ್ಟು ಗಟ್ಟಿ, ಎಲ್ಲಿ ನೀರು ಇಳಿಯುತ್ತಿದೆ, ಯಾವ ಭಾಗ ದುರಸ್ತಿಗೆ ಬಗ್ಗುತ್ತದೆ, ದುರಸ್ತಿ ನಡೆಯುವಾಗ ವ್ಯಾಪಾರಿಗಳು ಎಲ್ಲಿ ಕೂರುತ್ತಾರೆ ಎಂದು ಒಂದು ದೊಡ್ಡ ಮಾಡೆಲ್ ಮಾಡಿ ಮಾರುಕಟ್ಟೆಯ ಬಾಗಿಲಲ್ಲೇ ಇಟ್ಟಿದ್ದರೆ? ಹೂ ಕೊಳ್ಳಲು ಬಂದವರು ನೋಡುತ್ತಿದ್ದರು, ಕೇಳುತ್ತಿದ್ದರು. ತೀರ್ಮಾನ ಯಾವ ಕಡೆಗಾದರೂ ಹೋಗಲಿ, ಊರಿಗೆ ತನ್ನ ಮಾರುಕಟ್ಟೆಯ ಬಗ್ಗೆ ಗೊತ್ತಿರುತ್ತಿತ್ತು.

ಕೊಡುವುದಕ್ಕಿಂತ ಮುಂಚೆ ಕೇಳಿಸಿಕೊಳ್ಳುವ ಕೆಲಸ ಒಂದಿದೆ. ಇದರಲ್ಲಿ ನಮ್ಮ ರಾಜ್ಯದಲ್ಲೇ ದೊಡ್ಡ ಪಾಠ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿ ಅವರ ಮುಂದಾಳತ್ವದಲ್ಲಿ 'ಅಸ್ತ್ರ' ಎಂಬ ವಿಭಾಗ ಹುಟ್ಟಿತು. ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನ ರೂಪಿಸುವುದು ಅದರ ಕೆಲಸ. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಒಂದು ಕೇಂದ್ರ ತೆರೆದರು. ಸುತ್ತಲಿನ ಆರು ಹಳ್ಳಿಗಳಲ್ಲಿ ಯಾರು ಎಷ್ಟು ಸೌದೆ ಉರಿಸುತ್ತಾರೆ, ಅದನ್ನು ತರಲು ಯಾರು ಎಷ್ಟು ಹೊತ್ತು ನಡೆಯುತ್ತಾರೆ ಎಂದು ಲೆಕ್ಕ ತೆಗೆದರು. ಹತ್ತಿರದ ಪುರ ಎಂಬ ಹಳ್ಳಿಯಲ್ಲಿ ಸಗಣಿ ಅನಿಲದ ಸಮುದಾಯ ಸ್ಥಾವರ ಕಟ್ಟಿದಾಗ ಮೊದಲ ಯೋಚನೆ ಮನೆಮನೆಗೆ ಅಡುಗೆ ಅನಿಲ ಕೊಡುವುದು. ಅದು ನಡೆಯಲಿಲ್ಲ. ಅಷ್ಟು ಸಗಣಿಯೇ ಇರಲಿಲ್ಲ. ಊರಿನವರಿಗೆ ಮೊದಲು ಬೇಕಿದ್ದದ್ದು ಕುಡಿಯುವ ನೀರು. 1987ರ ಹೊತ್ತಿಗೆ ಅದೇ ಅನಿಲದಿಂದ ವಿದ್ಯುತ್ ಮಾಡಿ ನೀರೆತ್ತಿದರು, ದೀಪ ಹೊತ್ತಿಸಿದರು. ಆಗ ಊರೇ ಅದನ್ನು ನಡೆಸಿಕೊಂಡು ಹೋಯಿತು. ವಿಜ್ಞಾನಿಗಳು ತಮ್ಮ ಮೊದಲ ಉತ್ತರವನ್ನು ಕೈಬಿಡಲು ಒಪ್ಪಿದ್ದೇ ಇಲ್ಲಿ ದೊಡ್ಡ ವಿಷಯ. ಜ್ಯೂರಿಗೆ ಎರಡು ವಾರ ಇದೆ ಎನ್ನುವಾಗ ಯಾವ ವಿದ್ಯಾರ್ಥಿ ತನ್ನ ಡಿಸೈನ್ ಕೈಬಿಡುತ್ತಾನೆ?

ಅದೇ ಬಳಗದ ಕೆ.ಎಸ್. ಜಗದೀಶ್ ಮತ್ತು ಅವರ ಜೊತೆಗಾರರು ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ, ಕೈಯಿಂದ ಒತ್ತುವ ಯಂತ್ರದಲ್ಲಿ ಅಚ್ಚು ಹಾಕುವ ಇಟ್ಟಿಗೆಯ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. ಸುಡಬೇಕಾಗಿಲ್ಲ, ಸೌದೆ ಬೇಡ. ಹಳ್ಳಿಯ ಚಿಂತೆಯಿಂದ ಹುಟ್ಟಿದ ಆ ಇಟ್ಟಿಗೆ ಇವತ್ತು ಬೆಂಗಳೂರಿನ ಎಷ್ಟೋ ಮನೆಗಳ ಗೋಡೆಯಾಗಿದೆ. ಹೊರಗೆ ಹೋದರೆ ಓದು ಹಾಳಾಗುತ್ತದೆ ಎನ್ನುವವರಿಗೆ ನಾನು ಕೊಡುವ ಉತ್ತರ ಈ ಇಟ್ಟಿಗೆ.

ಈಗ ಭಾಷೆಯ ಮಾತಿಗೆ ಬರೋಣ. ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಗೋಡೆ ಇದೇ. ನಮ್ಮ ಸ್ಟುಡಿಯೊ ನಡೆಯುವುದು ಇಂಗ್ಲಿಷಿನಲ್ಲಿ. ಜ್ಯೂರಿ ಇಂಗ್ಲಿಷಿನಲ್ಲಿ, ಶೀಟಿನ ಮೇಲಿನ ಬರಹ ಇಂಗ್ಲಿಷಿನಲ್ಲಿ. ಓದಲು ಬೇರೆ ಬೇರೆ ರಾಜ್ಯಗಳಿಂದ ಮಕ್ಕಳು ಬರುತ್ತಾರೆ, ಅದು ಒಳ್ಳೆಯದೇ. ಆದರೆ ಕನ್ನಡ ಮನೆಮಾತಿನ ಹುಡುಗಿಯೂ ಐದು ವರ್ಷದ ಕೊನೆಗೆ ತನ್ನ ಥೀಸಿಸ್ ಏನೆಂದು ಸ್ವಂತ ಅಜ್ಜಿಗೆ ಹೇಳಲು ತಡವರಿಸುತ್ತಾಳೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) 'ಬಳಕೆ ಕನ್ನಡ'ದಂಥ ವಿಷಯ ಇಟ್ಟಿದೆ. ಅದು ಪರೀಕ್ಷೆಯ ದಿನಕ್ಕೆ ಮುಗಿಯುತ್ತದೆ. ಅದೇ ಪಾಠವನ್ನು ಸ್ಟುಡಿಯೊದೊಳಗೆ ತಂದು, ನಿಮ್ಮ ಡಿಸೈನನ್ನು ಐದು ನಿಮಿಷ ಕನ್ನಡದಲ್ಲಿ ಒಬ್ಬ ಆಟೊ ಚಾಲಕರಿಗೆ ವಿವರಿಸಿ ಎಂದರೆ ಎಷ್ಟು ಚೆನ್ನ.

ಪದಗಳಿಲ್ಲ ಎಂಬ ನೆಪ ನಿಲ್ಲುವುದಿಲ್ಲ. ಜಗಲಿ, ಪಡಸಾಲೆ, ನಡುಮನೆ, ಹಜಾರ, ಮಾಳಿಗೆ, ಅಟ್ಟ, ಗೂಡು, ಕಟ್ಟೆ, ಹಿತ್ತಲು, ಸೂರು, ಅಂಕಣ. ಅಂಕಣ ಎಂದರೆ ಕಂಬದಿಂದ ಕಂಬದವರೆಗಿನ ಜಾಗ. ಎರಡು ಅಂಕಣದ ಮನೆ, ಐದು ಅಂಕಣದ ಮನೆ ಎಂದು ನಮ್ಮ ಹಿರಿಯರು ಅಳತೆಯನ್ನೇ ಮಾತಾಗಿಸಿದ್ದರು. ಒಳಗು ಹೊರಗಿನ ನಡುವಿನ ಜಾಗಕ್ಕೆ ನಾವು 'ಟ್ರಾನ್ಸಿಶನ್ ಸ್ಪೇಸ್' ಎಂದರೆ ಮುಖ ನೋಡುವವರು 'ಜಗಲಿ' ಎಂದ ಕೂಡಲೇ ಹತ್ತು ಮಾತು ಹೇಳುತ್ತಾರೆ. ಅಲ್ಲಿ ಯಾರು ಕೂರುತ್ತಿದ್ದರು, ಯಾರನ್ನು ಕೂರಿಸುತ್ತಿರಲಿಲ್ಲ ಎಂಬುದನ್ನೂ ಸೇರಿಸಿ. ಜಾತಿಯ ಗೆರೆ ಎಲ್ಲಿ ಬೀಳುತ್ತಿತ್ತು ಎಂಬುದು ಇಂಗ್ಲಿಷ್ ಪದದಲ್ಲಿ ಅಡಗಿಬಿಡುತ್ತದೆ. ಕನ್ನಡದಲ್ಲಿ ಕೇಳಿದರೆ ಎದ್ದು ನಿಲ್ಲುತ್ತದೆ.

ಇದು ಬರಿಯ ಭಾಷಾಪ್ರೀತಿಯ ಮಾತಲ್ಲ. ನಗರದ ಕಾನೂನಿನಲ್ಲೇ ಜನರಿಗೆ ಬಾಗಿಲು ಇದೆ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಂತೆ ಮಾಸ್ಟರ್ ಪ್ಲಾನಿನ ಕರಡು ಪ್ರಕಟಿಸಿ, ನಿಗದಿತ ದಿನಗಳೊಳಗೆ ಜನರ ಅಭಿಪ್ರಾಯ ಕೇಳಬೇಕು. ಬೆಂಗಳೂರಿನ 2031ರ ಪರಿಷ್ಕೃತ ಮಾಸ್ಟರ್ ಪ್ಲಾನಿನ ಕರಡು 2017ರ ನವೆಂಬರ್‌ನಲ್ಲಿ ಬಂತು. ಸಾವಿರಾರು ಆಕ್ಷೇಪಣೆ ಬಂದವು. 2020ರಲ್ಲಿ ಅದನ್ನು ಕೈಬಿಟ್ಟರು. 2007ರಲ್ಲಿ ಒಪ್ಪಿಗೆ ಪಡೆದ ಹಳೇ ಪ್ಲಾನಿನ ಮೇಲೇ ನಗರ ವರ್ಷಗಳಿಂದ ಓಡುತ್ತಿದೆ. ಆ ನಕ್ಷೆಗಳಲ್ಲಿ ಹಳದಿ ಎಂದರೆ ವಸತಿ, ನೀಲಿ ಎಂದರೆ ವಾಣಿಜ್ಯ, ಹಸಿರು ಎಂದರೆ ಪಾರ್ಕು. ನಮ್ಮ ಮನೆಯ ಹಿಂದಿನ ಹಸಿರು ಹಳದಿಯಾದರೆ ನಾಳೆ ಏನಾಗುತ್ತದೆ ಎಂದು ಬೀದಿಯ ಜನರಿಗೆ ಕೂತು ಹೇಳುವವರು ಯಾರು? ಬೆಂಗಳೂರಿನಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಕಾರ್ಪೊರೇಟರೂ ಇರಲಿಲ್ಲ. ನಾಲ್ಕನೇ ವರ್ಷದ ಅರ್ಬನ್ ಡಿಸೈನ್ ಸ್ಟುಡಿಯೊದ ಮಕ್ಕಳು ಒಂದೊಂದು ವಾರ್ಡಿಗೆ ನಾಲ್ಕು ಜನರಂತೆ ಹೋಗಿ, ಆ ಬಣ್ಣಗಳ ಅರ್ಥವನ್ನು ಕನ್ನಡದಲ್ಲಿ, ತಮಿಳಿನಲ್ಲಿ, ಉರ್ದುವಿನಲ್ಲಿ ಬಿಡಿಸಿ ಹೇಳಿದ್ದರೆ ಆ ಆಕ್ಷೇಪಣೆಗಳು ಇನ್ನೂ ಎಷ್ಟು ಕೇರಿಗಳಿಂದ ಬರುತ್ತಿದ್ದವು!

ಬೆಂಗಳೂರಿನ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿಲೋಮೀಟರ್ ಉಕ್ಕಿನ ಮೇಲ್ಸೇತುವೆ ಕಟ್ಟಲು ಹೊರಟಾಗ, 2016ರ ಅಕ್ಟೋಬರ್ 16ರಂದು ಸಾವಿರಾರು ಜನ ರಸ್ತೆಯ ಬದಿಯಲ್ಲಿ ಕೈಕೈ ಹಿಡಿದು ನಿಂತರು. 2017ರ ಮಾರ್ಚ್‌ನಲ್ಲಿ ಸರ್ಕಾರ ಆ ಯೋಜನೆ ಕೈಬಿಟ್ಟಿತು. ಆ ಚಳವಳಿಯಲ್ಲಿ ಇಂಗ್ಲಿಷ್ ಮಾತಾಡುವವರೇ ಜಾಸ್ತಿ ಇದ್ದರು ಎಂಬ ಟೀಕೆ ಇತ್ತು. ಆದರೂ ಅದರ ಘೋಷಣೆಯಲ್ಲಿ ಎಲ್ಲರ ಬಾಯಲ್ಲೂ ನಿಂತ ಪದ ಒಂದೇ: 'ಬೇಡ'. ಬೇಡ ಎನ್ನಲು ಒಂದು ಪದ ಸಾಕು. ಹಾಗಾದರೆ ಏನು ಬೇಕು ಎಂದು ಹೇಳಲು ನಕ್ಷೆ ಬೇಕು, ಆ ನಕ್ಷೆಯನ್ನು ಓದಿಸುವ ಮಾತು ಬೇಕು.

ಅಡ್ಡಿಗಳು ನನಗೆ ಗೊತ್ತಿಲ್ಲದೇ ಇಲ್ಲ. ಮೇಷ್ಟ್ರುಗಳಿಗೆ ವಾರಕ್ಕೆ ಹೊರಲಾರದಷ್ಟು ತರಗತಿ. ಸಂತೆಗೆ ಹತ್ತು ಸಲ ಹೋದರೆ ಅದು ಅವರ ಬಡ್ತಿಗೆ ಲೆಕ್ಕವಾಗುವುದಿಲ್ಲ. ಆಡಳಿತ ಮಂಡಳಿಗೆ ಭಯ: ವಿದ್ಯಾರ್ಥಿಗಳ ನಕ್ಷೆ ಯಾರೋ ದೊಡ್ಡವರ ಒತ್ತುವರಿ ತೋರಿಸಿದರೆ? ಈ ಭಯ ಸುಳ್ಳಲ್ಲ. ಕೆರೆಯ ಹಳೇ ಗಡಿ ಬರೆದ ಶೀಟು ಹೊರಗೆ ಹೋದರೆ ಫೋನು ಬರುತ್ತದೆ. ಪಾಲಿಕೆಗಳು ವಿದ್ಯಾರ್ಥಿಗಳನ್ನು ಬಿಟ್ಟಿ ಕೂಲಿಯಂತೆ ಬಳಸಿಕೊಳ್ಳುವ ಅಪಾಯವೂ ಇದೆ. ಸಂಬಳ ಕೊಟ್ಟು ಮಾಡಿಸಬೇಕಾದ ಸಮೀಕ್ಷೆಯನ್ನು ಇಂಟರ್ನ್‌ಶಿಪ್ ಹೆಸರಲ್ಲಿ ಮಾಡಿಸಿಕೊಳ್ಳುವುದು ತಪ್ಪು. ಇವೆಲ್ಲಕ್ಕಿಂತ ಸೂಕ್ಷ್ಮವಾದದ್ದು ಆಸೆ. ಕೊಳೆಗೇರಿಗೆ ಮೂವತ್ತು ಮಕ್ಕಳು ಬಂದು ಅಳತೆ ಮಾಡಿದರೆ, ಮನೆ ಮಂಜೂರಾಯಿತೆಂದು ಜನ ಕಾಯಲು ಶುರು ಮಾಡುತ್ತಾರೆ. ಅದಕ್ಕೇ ಮೊದಲ ದಿನವೇ ಹೇಳಬೇಕು: ನಾವು ಓದುವವರು, ಮನೆ ಕೊಡಿಸಲು ನಮ್ಮಿಂದ ಆಗದು, ಈ ನಕ್ಷೆ ಮಾತ್ರ ಇಂಥ ತಿಂಗಳ ಇಂಥ ದಿನ ನಿಮ್ಮ ಕೈಗೆ ಕೊಡುತ್ತೇವೆ.

ನಾನು ಕೇಳುವುದು ದೊಡ್ಡದೇನಲ್ಲ. ಒಂದು ಕಾಲೇಜು ಹತ್ತು ವರ್ಷಕ್ಕೆ ಒಂದೇ ಪೇಟೆಯನ್ನೋ ಒಂದೇ ಹೋಬಳಿಯನ್ನೋ ಹಿಡಿದುಕೊಳ್ಳಲಿ. ಪ್ರತಿ ವರ್ಷದ ಬ್ಯಾಚು ಹಿಂದಿನವರು ಬಿಟ್ಟಲ್ಲಿಂದ ಶುರು ಮಾಡಲಿ. ಸ್ಟುಡಿಯೊದ ನೂರು ಅಂಕದಲ್ಲಿ ಹತ್ತನ್ನಾದರೂ ನಕ್ಷೆ ಮರಳಿಸಿದ್ದಕ್ಕೆ ಇಡಲಿ. ಜ್ಯೂರಿಗಳಲ್ಲಿ ಒಂದನ್ನಾದರೂ ಆ ಜಾಗದಲ್ಲೇ, ಆ ಜನರ ಮಾತಿನಲ್ಲೇ ನಡೆಸಲಿ.

ಅಂಥದ್ದೊಂದು ಜ್ಯೂರಿಗೆ ನಾನು ಒಮ್ಮೆ ಹೋಗಿದ್ದೆ. ಒಂದು ಸಣ್ಣ ಊರಿನ ತರಕಾರಿ ಮಾರುಕಟ್ಟೆ. ಶಟರ್ ಎಳೆದ ಅಂಗಡಿಯೊಂದಕ್ಕೆ ಶೀಟುಗಳನ್ನು ಅಂಟಿಸಿದ್ದರು. ಮೂರನೇ ವರ್ಷದ ಹುಡುಗಿ ತಡವರಿಸುತ್ತಾ ಕನ್ನಡದಲ್ಲಿ ಹೇಳುತ್ತಿದ್ದಳು: ಇಲ್ಲಿ ಚಪ್ಪರ, ಇಲ್ಲಿ ಕಟ್ಟೆ, ಇಲ್ಲಿ ನೆರಳು. ಹೂ ಕಟ್ಟುತ್ತಲೇ ಕೇಳುತ್ತಿದ್ದ ಒಬ್ಬ ಹೆಂಗಸು ಎದ್ದು ಬಂದು ನಕ್ಷೆಯ ಮುಂದೆ ನಿಂತರು. ಬೆರಳಿಟ್ಟು ತಮ್ಮ ಜಾಗ ಹುಡುಕಿದರು, ಸಿಕ್ಕಿತು. ಆಮೇಲೆ ಕೇಳಿದರು, "ನಲ್ಲಿ ಎಲ್ಲವ್ವಾ? ಹೂವಿಗೆ ನೀರು ಚಿಮುಕಿಸ್ಬೇಕಲ್ಲ. ನಾವು ಹೆಂಗಸ್ರು ಬೆಳಿಗ್ಗೆಯಿಂದ ಕೂರ್ತೀವಿ, ಎಲ್ಲಿಗೆ ಹೋಗೋದು?" ಹನ್ನೆರಡು ಶೀಟುಗಳಲ್ಲಿ ಎಲ್ಲೂ ನಲ್ಲಿ ಇರಲಿಲ್ಲ. ಹೆಂಗಸರ ಶೌಚಾಲಯ ಇರಲಿಲ್ಲ. ಹುಡುಗಿ ಪೆನ್ಸಿಲ್ ತೆಗೆದು ಅವರ ಕೈಗೇ ಕೊಟ್ಟಳು. ಅವರು ಸ್ವಲ್ಪ ಹೊತ್ತು ಹಿಂಜರಿದರು. ಆಮೇಲೆ ಹೂವಿನ ಸಾಲಿನ ಕೊನೆಯಲ್ಲಿ, ಬೇವಿನ ಮರದ ಪಕ್ಕ, ಒಂದು ಸಣ್ಣ ಸೊನ್ನೆ ಹಾಕಿದರು.